ಹತ್ತಕ್ಕೆ ಹತ್ತರ ಶಾಲೆ ಹುಡುಕಿ ಹೊರಟವರಿಗೆ

ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದ ನಮ್ಮವರು ಮೊದಲು ಕೇಳುವುದು ಎರಡೇ. ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಒಳ್ಳೆಯ ಶಾಲೆ ಯಾವುದು. ಅಕ್ಕಿ ವಿಷಯ ಯಾರು ಬೇಕಾದರೂ ಹೇಳುತ್ತಾರೆ. ಮಗುವಿಗೆ ಆಟಿಸಂ ಇದ್ದರೆ ಎರಡನೆಯದಕ್ಕೆ ಉತ್ತರವೇ ಬೇರೆ.

ನಾನು ತುಮಕೂರಿನವನು. ಪಿಯುಸಿ ಪರ್ಸೆಂಟೇಜ್ ನೋಡಿ ಮನುಷ್ಯರನ್ನು ಅಳೆಯುವ ಮನೆಯಲ್ಲಿ ಬೆಳೆದವನು. ಬೇ ಏರಿಯಾದಲ್ಲಿ ಮನೆ ಹುಡುಕುವಾಗಲೂ ಅದೇ ಬುದ್ಧಿ. ಶಾಲೆಗಳ ರೇಟಿಂಗನ್ನೆಲ್ಲ ಎಕ್ಸೆಲ್‌ಗೆ ಹಾಕಿ, ಹತ್ತಕ್ಕೆ ಹತ್ತು ಇದ್ದ ಶಾಲೆಯ ಪಕ್ಕದಲ್ಲೇ ಬಾಡಿಗೆ ಹಿಡಿದೆ. ತಿಂಗಳಿಗೆ ಏಳುನೂರು ಡಾಲರ್ ಜಾಸ್ತಿ. ಆಮೇಲೆ ಗೊತ್ತಾಯಿತು, ಮಗನಿಗೆ ಬೇಕಾದ ತರಗತಿ ಅಲ್ಲಿ ಇಲ್ಲವೇ ಇಲ್ಲ! ಸ್ಪೆಷಲ್ ಡೇ ಕ್ಲಾಸ್, ಅಂದರೆ ಇಂಥ ಮಕ್ಕಳಿಗೆಂದೇ ನಡೆಸುವ ತರಗತಿ, ಎಲ್ಲ ಶಾಲೆಯಲ್ಲೂ ಇರುವುದಿಲ್ಲ. ಸ್ಕೂಲ್ ಡಿಸ್ಟ್ರಿಕ್ಟ್‌ನವರು, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಆಡಳಿತದವರು, ಕೆಲವು ಕಡೆ ಮಾತ್ರ ನಡೆಸುತ್ತಾರೆ. ನಮ್ಮ ಮಗ ದಿನಾ ಹಳದಿ ಬಸ್ಸು ಹತ್ತಿ ನಾಲ್ಕು ರೇಟಿಂಗ್‌ನ ಶಾಲೆಗೆ ಹೋದ. ಹತ್ತರ ಶಾಲೆಯ ಬೆಲ್ಲು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು, ಅಷ್ಟೇ.

ಆ ನಾಲ್ಕರ ಶಾಲೆಯಲ್ಲಿ ಸಿಕ್ಕ ಟೀಚರ್‌ನಂಥವರು ಎಲ್ಲರಿಗೂ ಸಿಗಲಿ. ರೇಟಿಂಗ್ ಬಹುಪಾಲು ಪರೀಕ್ಷೆಯ ಅಂಕಗಳಿಂದ ಬರುವುದು. ಅಳುವ ಮಗುವಿನ ಪಕ್ಕ ಯಾರು ಹೋಗಿ ಕೂರುತ್ತಾರೆ ಅನ್ನುವುದಕ್ಕೆ ಅಂಕ ಹಾಕುವವರಿಲ್ಲ.

ಆದ್ದರಿಂದ ಬಾಡಿಗೆ ಕರಾರಿಗೆ ಮೊದಲು ಡಿಸ್ಟ್ರಿಕ್ಟ್‌ನ ಸ್ಪೆಷಲ್ ಎಜುಕೇಶನ್ ಆಫೀಸಿಗೆ ಫೋನ್ ಮಾಡಿ. ನಿಮ್ಮ ಮಗುವಿನ ವಯಸ್ಸಿಗೆ ಯಾವ ತರಗತಿಗಳಿವೆ, ಎಲ್ಲೆಲ್ಲಿವೆ ಕೇಳಿ. ತರಗತಿ ನೋಡಲು ಬಿಟ್ಟರೆ ಗೋಡೆಯ ಬಣ್ಣ ನೋಡಿಕೊಂಡು ಬರಬೇಡಿ. ಊಟದ ಹೊತ್ತಿನಲ್ಲಿ, ಆಟದ ಹೊತ್ತಿನಲ್ಲಿ ಈ ಮಕ್ಕಳು ಉಳಿದವರ ಜೊತೆ ಇರುತ್ತಾರಾ ನೋಡಿ. ಸಾಧ್ಯವಾದಷ್ಟೂ ಎಲ್ಲ ಮಕ್ಕಳ ನಡುವೆಯೇ ಕಲಿಸಬೇಕು ಅಂತ ಕಾನೂನೇ ಹೇಳುತ್ತದೆ. ಟಾಯ್ಲೆಟ್‌ನಲ್ಲಿ ಕೈ ಒಣಗಿಸುವ ಮೆಷಿನ್ ಒಮ್ಮೆ ಆನ್ ಮಾಡಿ ನೋಡಿ. ನಮ್ಮವನು ಆ ಸದ್ದಿಗೆ ಹೆದರಿ ಇಡೀ ದಿನ ಕಟ್ಟಿಕೊಂಡಿದ್ದು ಮನೆಗೆ ಓಡಿ ಬರುತ್ತಿದ್ದ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. ಇಂಥ ಮಕ್ಕಳ ಶಿಕ್ಷಣದ ಈ ಕಾನೂನು 1975ರಿಂದ ಇದೆ, ಈಗಿನ ಹೆಸರು ಐಡಿಯಾ (IDEA). ಮೂರು ತುಂಬಿದ ಮಗುವಿಗೆ ಎಲ್ಲ ಉಚಿತ, ವೀಸಾ ಯಾವುದಾದರೂ ಸರಿ. ಮಗುವಿಗೆ ಏನು ಬೇಕು ಎಂದು ಪರೀಕ್ಷೆ ಮಾಡಿ ಅಂತ ಡಿಸ್ಟ್ರಿಕ್ಟ್‌ಗೆ ಬರೆದು ಕೊಡಿ. 15 ದಿನದಲ್ಲಿ ಆ ಪರೀಕ್ಷೆಯ ಪ್ಲಾನ್ ಬರಬೇಕು, ನೀವು ಸಹಿ ಹಾಕಿದ ಪ್ಲಾನ್ ಅವರ ಕೈ ಸೇರಿದ 60 ದಿನದೊಳಗೆ ಐಇಪಿ ಮೀಟಿಂಗ್ ಆಗಬೇಕು. ಐಇಪಿ ಅಂದರೆ ಆ ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆ. ಬೇಸಿಗೆ ರಜೆ ಲೆಕ್ಕಕ್ಕಿಲ್ಲ. ಊರಿನ ಡಾಕ್ಟರ ರಿಪೋರ್ಟ್ ತನ್ನಿ, ಆದರೂ ಇವರು ತಮ್ಮದೇ ಪರೀಕ್ಷೆ ಮಾಡುತ್ತಾರೆ.

ಮೀಟಿಂಗ್‌ನಲ್ಲಿ ನಾನು ಮಾಡಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಟೀಚರ್ ಎದುರು ಕೈಕಟ್ಟಿ ನಿಂತ ಜನ ಅಲ್ವಾ ನಾವು? ಏಳು ಜನ ಸುತ್ತ ಕೂತಿದ್ದರು. ಎಲ್ಲದಕ್ಕೂ ತಲೆ ಆಡಿಸಿ, ಥ್ಯಾಂಕ್ಸ್ ಹೇಳಿ, ಅಲ್ಲೇ ಸಹಿ ಹಾಕಿದೆ. ರಾತ್ರಿ ಹೆಂಡತಿ ಓದಿ ಕೇಳಿದಳು, "ಮಾತೇ ಸರಿಯಾಗಿ ಬಾರದ ಮಗುವಿಗೆ ವಾರಕ್ಕೆ ಅರ್ಧ ಗಂಟೆ ಸ್ಪೀಚ್ ಥೆರಪಿ, ಅದೂ ಗುಂಪಿನಲ್ಲಿ. ಇದಕ್ಕೆ ಒಪ್ಪಿ ಬಂದ್ರಾ?" ನೀವು ಕಾಗದ ಮನೆಗೆ ತನ್ನಿ. ಒಪ್ಪಿದ ಭಾಗಕ್ಕಷ್ಟೇ ಸಹಿ ಹಾಕಬಹುದು. 2017ರಲ್ಲಿ ಆಟಿಸಂ ಇದ್ದ ಹುಡುಗನೊಬ್ಬನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿದೆ, ಹೆಸರಿಗೆ ಒಂದಿಷ್ಟು ಪ್ರಗತಿ ತೋರಿಸಿದರೆ ಸಾಲದು ಅಂತ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಶಾಲೆಗೆ ಸೇರಿಸುವಾಗ ಮನೆಮಾತು ಯಾವುದು ಎಂದು ಒಂದು ಫಾರಂ ಕೇಳುತ್ತದೆ. ಕನ್ನಡ ಅಂತ ಬರೆದರೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ, ಹಿಂದೆ ಹಾಕುತ್ತಾರೆ ಅಂತ ಯಾರೋ ಹೆದರಿಸಿದ್ದರು. ಸುಮ್ನೆ ಇಂಗ್ಲಿಷ್ ಅಂತ ಬರೆದೆ. ಪರೀಕ್ಷೆ ಮಾಡಿದವರ ರಿಪೋರ್ಟ್ ಬಂತು: ಮಗು ಅರ್ಥವಿಲ್ಲದ ಸದ್ದು ಮಾಡುತ್ತದೆ. ಅವರು ಬರೆದುಕೊಂಡ ಸದ್ದುಗಳನ್ನು ಜೋರಾಗಿ ಓದಿದೆ. ನೀಯು. ಮಮ್ಮು. ಬೇಡಾ. ನಮ್ಮ ಮಗ ನೀರು ಕೇಳಿದ್ದ, ಊಟ ಕೇಳಿದ್ದ, ಬೇಡ ಎಂದಿದ್ದ. ಮಗುವಿನ ಭಾಷೆಯಲ್ಲೇ ಪರೀಕ್ಷಿಸಿ ಎಂದು ಕೇಳುವ ಹಕ್ಕು ನನಗಿತ್ತು. ಆ ಭಾಷೆ ಇದೆ ಅನ್ನುವುದನ್ನೇ ನಾನು ಮುಚ್ಚಿಟ್ಟಿದ್ದೆ.

ಅದರ ಮೇಲೆ, ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದು ಒಬ್ಬರು ಸಲಹೆ ಕೊಟ್ಟರು. ಅದನ್ನೂ ನಂಬಿದೆವು. ಎರಡು ಭಾಷೆ ಕೇಳಿದರೆ ಇಂಥ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಅಂತ ಅಧ್ಯಯನಗಳು ಹೇಳುತ್ತವೆ. ನಮಗೆ ಅದು ತಿಳಿದಿದ್ದು ಒಂದು ವರ್ಷ ಕಳೆದ ಮೇಲೆ. ಆ ವರ್ಷವಿಡೀ "ಬಾ ಚಿನ್ನಾ" ಹೋಗಿ "ಕಮ್ ಹಿಯರ್ ಬಡ್ಡಿ" ಆಯಿತು. ಫೋನಿನಲ್ಲಿ ಕೇಳಿಸಿಕೊಂಡ ಅಮ್ಮ, "ಯಾರಿಗೋ ಬಡ್ಡಿ, ಸಾಲ ಮಾಡಿದ್ದೀಯೇನೋ?" ಅಂದಳು. ನಕ್ಕೆವು. ಆದರೆ ಆ ವರ್ಷ ಮೊಮ್ಮಗನೂ ಅಜ್ಜಿಯೂ ಒಬ್ಬರಿಗೊಬ್ಬರು ಸುಮ್ಮನೆ ಮುಖ ನೋಡಿಕೊಂಡಿದ್ದೇ ಬಂತು.

ಮಗುವನ್ನು ಬಲ್ಲವರು ಯಾರನ್ನು ಬೇಕಾದರೂ ಐಇಪಿ ಮೀಟಿಂಗ್‌ಗೆ ಕರೆದೊಯ್ಯಬಹುದು. ಆರು ತಿಂಗಳಿಗೆ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋದೆ. ರೇಷ್ಮೆ ಸೀರೆ ಉಟ್ಟು ಬಂದಳು. ಅವನ ಒಂದೊಂದು ಮಾತಿನ ಅರ್ಥ ಅವಳು ಹೇಳಿದಳು, ನಾನು ಇಂಗ್ಲಿಷ್‌ನಲ್ಲಿ ಹೇಳಿದೆ, ಟೀಚರ್ ಬರೆದುಕೊಂಡರು. ಆ ಪಟ್ಟಿ ತರಗತಿಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ, ಈಗ ಮೂವತ್ತೊಂದು ಪದ ಇವೆ. ಹೋದ ವಾರ ಟೀಚರ್ ಕೇಳಿದರು, "ದಬಕ್ಕಾ" ಅಂದರೆ ಏನು? ನಮಗೂ ಗೊತ್ತಿಲ್ಲ. ಅಮ್ಮನಿಗೆ ಫೋನ್ ಮಾಡಬೇಕು.