ಮಣೆ, ಇಟ್ಟಿಗೆ, ಬೆಲ್ಲದ ಮೂಟೆ: ಮಿಷನ್ ಪೈಲಟ್‌ಗಳಿಗೆ ನಾನು ಹೇಳಿಕೊಡುವ ಪಾಠ

ಮೈಸೂರಿನ ನನ್ನ ಮನೆಗೆ ಬರುವ ಹುಡುಗರು 200 ಗಂಟೆ ಹಾರಿ ಕಮರ್ಷಿಯಲ್ ಲೈಸೆನ್ಸ್ ತೆಗೆದುಕೊಂಡವರೇ. ಆದರೆ ಇಳಿದದ್ದೆಲ್ಲ ಡಾಂಬರಿನ ಮೇಲೆ. ಅವರಿಗೆ ಹೋಗಬೇಕಾಗಿರುವುದು ಪಪುವಾ ನ್ಯೂಗಿನಿಯ ಬೆಟ್ಟಗಳಿಗೆ. ಕ್ರೈಸ್ತ ಸೇವಾ ಸಂಸ್ಥೆಯಾದ ಮಿಷನ್ ಏವಿಯೇಷನ್ ಫೆಲೋಶಿಪ್‌ನ ವಿಮಾನಗಳು ಅಲ್ಲಿ 1951ರಿಂದ ಹಾರುತ್ತಿವೆ. ನಾನೂ ಅಲ್ಲಿ ಸೆಸ್ನಾ 206 ಎಂಬ ಪುಟ್ಟ ವಿಮಾನದಲ್ಲಿ ರೋಗಿಗಳನ್ನು, ಬೈಬಲ್ ಅನುವಾದಕರನ್ನು, ಉಪ್ಪಿನ ಮೂಟೆಗಳನ್ನು ಹೊತ್ತವನು.

ಮೊದಲ ದಿನ ಊಟದ ಮಣೆಯೊಂದನ್ನು ಮೇಜಿನ ಮೇಲಿಟ್ಟು, ಆಚೆ ತುದಿಗೆ ಇಟ್ಟಿಗೆ ಕೊಡುತ್ತೇನೆ. ಗದ್ದ ಮೇಜಿಗೆ ತಾಗುವಷ್ಟು ಬಗ್ಗಿ ನೋಡು ಅಂದರೆ, ಎಲ್ಲರೂ ಹೇಳುವುದು ಒಂದೇ: "ಸರ್, ಮೇಲಿಂದ ನೋಡಿದ ಹಾಗಿದೆ." ಅಲ್ಲಿ ವಿಮಾನ ಇಳಿಯುವ ಎಷ್ಟೋ ಪಟ್ಟಿಗಳು ಹೀಗೇ ಏರು. ಹತ್ತುತ್ತಾ ಇಳಿಯಬೇಕು, ಇಳಿಜಾರಿನಲ್ಲಿ ಓಡಿ ಹಾರಬೇಕು. ನಾವು ಜಾಸ್ತಿ ಎತ್ತರದಲ್ಲಿದ್ದೇವೆ ಎಂದು ಕಣ್ಣು ಸುಳ್ಳು ಹೇಳುತ್ತದೆ, ಕೈ ವಿಮಾನವನ್ನು ಇನ್ನೂ ಕೆಳಕ್ಕೆ ತರುತ್ತದೆ.

ನಾನು ತಂದಿದ್ದೆ. ಮೊದಲ ವರ್ಷವೇ. ಇಳಿದು ನೋಡಿದರೆ ಎಡಚಕ್ರದ ಬ್ರೇಕಿಗೆ ಹಸಿ ಕುನಾಯ್ ಹುಲ್ಲು ಸುತ್ತಿಕೊಂಡಿತ್ತು. ಪಟ್ಟಿಯ ಮೇಲೆ ಹುಲ್ಲಿರಲಿಲ್ಲ, ಅದಿದ್ದದ್ದು ಪಟ್ಟಿಗಿಂತ ಮುಂಚಿನ ದಿಬ್ಬದಲ್ಲಿ. ಯಾರೂ ನೋಡುವ ಮೊದಲು ಕಿತ್ತು ಜೇಬಿಗೆ ಹಾಕಿಕೊಂಡೆ. ನನಗೆ ಕಲಿಸಿದವರ ಮುಂದೆ ಬಾಯಿ ಬಿಡಲು ಮೂರು ದಿನ ಹಿಡಿಯಿತು.

ಎದುರಿಗೆ ಬೆಟ್ಟವಿರುವಲ್ಲಿ ಒಂದು ಜಾಗ ದಾಟಿದ ಮೇಲೆ ಮತ್ತೆ ಏಳಲು ಆಗದು. ಆ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು: ಒಂದು ಮರ, ಒಂದು ತಗಡಿನ ಸೂರು. ಅದು ಬರುವುದರೊಳಗೆ ಏನೇ ಅನುಮಾನ ಬಂದರೂ ವಾಪಸ್.

ಇನ್ನು ತೂಕ. ಇದಕ್ಕೆ ಮಂಡ್ಯ ಕಡೆಯ ಆಲೆಮನೆಗೆ ಕರೆದುಕೊಂಡು ಹೋಗುತ್ತೇನೆ. ಬೆಲ್ಲದ ಮೂಟೆ ಎತ್ತಿಸಿ ಅಂದಾಜು ಕೇಳುತ್ತೇನೆ. ಒಬ್ಬ 40 ಕಿಲೋ ಅಂದ, ತಕ್ಕಡಿ 53 ತೋರಿಸಿತು. ಆಲೆಮನೆಯವರಿಗೆ ನಗುವೋ ನಗು. ಚರ್ಚಿನ ಹಿರಿಯರು ದೇವರು ಕಾಯುತ್ತಾನೆ ಅನ್ನುತ್ತಾರೆ. ಕಾಯಲಿ, ತಕ್ಕಡಿ ನಾವು ಹಿಡಿಯೋಣ. ಬಿಸಿಲಿನ ಲೆಕ್ಕವೂ ಅಲ್ಲೇ: ಗಾಳಿ ಕಾದಷ್ಟೂ ತೆಳುವಾಗುತ್ತದೆ, ತೆಳುಗಾಳಿಯಲ್ಲಿ ವಿಮಾನ ಹೊರುವ ತೂಕ ಕಡಿಮೆ. ಮೈಸೂರು ಇರುವುದು ಸುಮಾರು 2,400 ಅಡಿಯಲ್ಲಿ. 35 ಡಿಗ್ರಿ ಬಿಸಿಲಿದ್ದರೆ ಎಂಜಿನ್‌ಗೂ ರೆಕ್ಕೆಗೂ 5,000 ಅಡಿ ದಾಟಿದಷ್ಟು ತೆಳುಗಾಳಿ. 5,000 ಅಡಿಯಲ್ಲೇ ಇರುವ ಪಟ್ಟಿಯಲ್ಲಿ ಮಧ್ಯಾಹ್ನ ಏನಾದೀತೆಂದು ಅವರೇ ಲೆಕ್ಕ ಹಾಕಬೇಕು.

ಆ 40 ಕಿಲೋ ಅಂದ ಹುಡುಗ ಈಗ ಪಪುವಾ ನ್ಯೂಗಿನಿಯಲ್ಲೇ ಇದ್ದಾನೆ. ಮೊನ್ನೆ ಫೋನ್ ಮಾಡಿದ್ದ. "ಮೋಡ ಇಳಿದಿತ್ತು ಸರ್, ಮರ ಕಾಣಲಿಲ್ಲ, ಉಪ್ಪು ವಾಪಸ್ ತಂದೆ. ಕೆಳಗೆ ಕಾಯ್ತಿದ್ದವರಿಗೆಲ್ಲ ಬೇಜಾರು."

"ಎಷ್ಟು ಮೂಟೆ?" ಅಂದೆ.

"ಐದು. ತೂಗಿದ್ದೆ ಸರ್."