ಬೆರಳಿಗೆ ಸಿಕ್ಕಿದ್ದನ್ನು ಕೇಸ್ ಶೀಟ್‌ಗೆ ಇಳಿಸುವುದು

ಗುದದ್ವಾರದ ಒಳಗೆ ಬೆರಳಿಟ್ಟು ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಮುಟ್ಟಿ ನೋಡುವುದು ಒಂದೆರಡು ನಿಮಿಷದ ಕೆಲಸ. ಕೇಸ್ ಶೀಟ್‌ನಲ್ಲಿ ಮಾತ್ರ ಎಷ್ಟೋ ಸಲ ‘ನಾರ್ಮಲ್’ ಅಂತ ಒಂದೇ ಪದ ಇರುತ್ತದೆ. ಮುಂದಿನ ಸಲ ನೋಡುವ ಡಾಕ್ಟರಿಗೆ ಅದರಿಂದ ಏನು ಗೊತ್ತಾಗಬೇಕು? ಹಾಗಾಗಿ ನಾನು ಬೆರಳಿಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಬರೆಯುತ್ತೇನೆ. ರೋಗ ಯಾವುದಿರಬಹುದು ಅನ್ನುವುದಕ್ಕೆ ಬೇರೆ ಸಾಲು.

ರೋಗಿಯ ಒಪ್ಪಿಗೆ, ಆಗ ಕೋಣೆಯಲ್ಲಿದ್ದ ಸಿಬ್ಬಂದಿ, ಮಲಗಿದ್ದ ಭಂಗಿ ಮೊದಲು. ರೋಗಿ ಬೇಡ ಅಂದರೆ ಅದನ್ನೂ ಬರೆಯುತ್ತೇನೆ. ಜಾಗ ಖಾಲಿ ಬಿಟ್ಟರೆ ಪರೀಕ್ಷೆ ಮಾಡಿಲ್ಲವೋ, ಬರೆಯಲು ಮರೆತರೋ ತಿಳಿಯುವುದಿಲ್ಲ, ಅಲ್ವಾ?

ಆಮೇಲೆ ಹೊರಗೆ ಕಂಡದ್ದು: ಬಿರುಕು, ಪೈಲ್ಸ್, ಫಿಸ್ಟುಲಾದ (ಗುದದ ಒಳಗಿನಿಂದ ಹೊರಚರ್ಮಕ್ಕೆ ತೆರೆದುಕೊಂಡ ಸಣ್ಣ ಸುರಂಗ) ಬಾಯಿ. ಗುದದ ಸ್ನಾಯುವಿನ ಬಿಗಿ ಹೇಗಿತ್ತು ಅನ್ನುವುದನ್ನು ಎಂದೂ ಬಿಡುವುದಿಲ್ಲ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದವರಲ್ಲಿ ಆ ಬಿಗಿ, ಸುತ್ತಲಿನ ಚರ್ಮದ ಸ್ಪರ್ಶಜ್ಞಾನ ಎರಡೂ ಬೇಕೇ ಬೇಕು. ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿದ್ದರೆ ಸುಳಿವು ಅಲ್ಲೇ ಸಿಗಬಹುದು.

ಒಳಗೆ ಗಡ್ಡೆ ಸಿಕ್ಕರೆ ಗಡಿಯಾರದ ಲೆಕ್ಕದಲ್ಲಿ ಜಾಗ ಹೇಳುತ್ತೇನೆ. ರೋಗಿ ಹೇಗೇ ಮಲಗಿರಲಿ, ಹೊಟ್ಟೆಯ ಕಡೆ 12 ಗಂಟೆ. ಗುದದ ಅಂಚಿನಿಂದ ಎಷ್ಟು ಸೆಂಟಿಮೀಟರ್, ಅಲುಗಾಡುತ್ತದೆಯೋ ಅಂಟಿಕೊಂಡಿದೆಯೋ, ಮೇಲ್ಮೈಯಲ್ಲಿ ಹುಣ್ಣಿದೆಯೋ ಅನ್ನುವುದೂ ಇರಬೇಕು.

ಪ್ರಾಸ್ಟೇಟ್‌ಗೆ ಜಾಸ್ತಿ ಸಾಲು ಕೊಡುತ್ತೇನೆ. ಗಾತ್ರ ಅಂದಾಜು ಮಾತ್ರ, ದೊಡ್ಡ ಗ್ರಂಥಿಯನ್ನು ಬೆರಳು ಚಿಕ್ಕದಾಗಿಯೇ ಅಳೆಯುತ್ತದೆ. ಅದಕ್ಕಿಂತ ಮುಖ್ಯ ಗಡಸುತನ. ಹೆಬ್ಬೆರಳ ಬುಡದ ಮಾಂಸದಷ್ಟು ಬಿಗಿ ಇದ್ದರೆ ಮಾಮೂಲು, ಬೆರಳ ಗೆಣ್ಣಿನಷ್ಟು ಗಟ್ಟಿಯಾದ ಗಂಟು ಇದ್ದರೆ ಅನುಮಾನ. ಗಂಟು ಎಡಕ್ಕೋ ಬಲಕ್ಕೋ, ಮೇಲೋ ಕೆಳಗೋ, ಎಷ್ಟು ದೊಡ್ಡದು, ಗ್ರಂಥಿಯ ಎಡ ಬಲ ಭಾಗಗಳ ನಡುವಿನ ಗೆರೆ ಸಿಗುತ್ತದೆಯೋ ಎಂದು ಬರೆದು ಪಕ್ಕದಲ್ಲೊಂದು ಚಿಕ್ಕ ಚಿತ್ರ ಹಾಕುತ್ತೇನೆ. ನೂರು ಪದ ಬರೆದರೂ ಆ ಚಿತ್ರದಷ್ಟು ಸ್ಪಷ್ಟವಾಗುವುದಿಲ್ಲ. ಮುಟ್ಟಿದರೆ ನೋವಿತ್ತೇ ಎಂಬುದೂ ಬೇಕು. ಜ್ವರವಿದ್ದು, ಗ್ರಂಥಿ ಮೆತ್ತಗಾಗಿ ತುಂಬಾ ನೋಯುತ್ತಿದ್ದರೆ ಸೋಂಕಿರಬಹುದು. ಅಂಥವರಲ್ಲಿ ಒತ್ತಿ ನೋಡುವುದಿಲ್ಲ.

ಏನೂ ಸಿಗದಿದ್ದಾಗ ‘ಗಂಟು ಕೈಗೆ ಸಿಗಲಿಲ್ಲ’ ಅಂತಲೇ ಬರೆಯುತ್ತೇನೆ, ‘ಕ್ಯಾನ್ಸರ್ ಇಲ್ಲ’ ಅಂತ ಅಲ್ಲ. ಬೆರಳು ಮುಟ್ಟುವುದು ಗ್ರಂಥಿಯ ಹಿಂಭಾಗವನ್ನು ಮಾತ್ರ. ಮುಂಭಾಗದ ಗಡ್ಡೆ ಅದಕ್ಕೆ ಸಿಗುವುದೇ ಇಲ್ಲ.

ಕೊನೆಗೆ ಗ್ಲೌಸ್ ನೋಡುತ್ತೇನೆ: ಮಲದ ಬಣ್ಣ, ಕೆಂಪು ರಕ್ತ, ಡಾಂಬರಿನಂಥ ಕಪ್ಪು, ಲೋಳೆ. ಪಿಎಸ್ಎ (ಪ್ರಾಸ್ಟೇಟ್‌ನಲ್ಲಿ ತಯಾರಾಗುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಹೇಳಿದ್ದರೆ ರಕ್ತ ತೆಗೆದದ್ದು ಬೆರಳಿಡುವ ಮೊದಲೋ ನಂತರವೋ ಎಂದು ಸೇರಿಸಿ, ಸಮಯ ಹಾಕಿ ಸಹಿ ಮಾಡುತ್ತೇನೆ.