ಟೆರೇಸ್ ಮೇಲೆ ಹೊಳೆ ಹರಿಸಿದ್ದು

ಕಳೆದ ಮಾರ್ಚ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೇ ನಮ್ಮ ಸೊಸೈಟಿ ಸೆಕ್ರೆಟರಿ ಬಾಗಿಲು ಬಡಿದರು. ಟೆರೇಸಿನ ನೀರು ಇಳಿಯುವ ಪೈಪು ಕಟ್ಟಿಕೊಂಡಿದೆ, ಬಗ್ಗಿ ನೋಡಿದರೆ ಒಳಗೆ ಬರೀ ಮರಳು. "ಹೇ ಕಾಯ್ ಆಹೆ?" ಇದೇನು ಅಂತ ಮರಾಠಿಯಲ್ಲಿ ಕೇಳಿದರು. "ನದೀ ಆಹೆ" ಅಂದೆ. ಅವರಿಗೆ ನಗು ಬರಲಿಲ್ಲ.

ಇದೆಲ್ಲ ಶುರುವಾಗಿದ್ದು ಮಗಳ ಭೂಗೋಳದಿಂದ. ಒಂಬತ್ತನೇ ಕ್ಲಾಸು. ನದಿಯ ಕೆಲಸ ಮೂರು, ಸವೆಸೋದು, ಸಾಗಿಸೋದು, ಶೇಖರಿಸೋದು ಅಂತ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದಳು. ಮಧ್ಯದಲ್ಲಿ ನಿಲ್ಲಿಸಿ ಕೇಳಿದಳು: "ಅಪ್ಪಾ, ನೀರು ಇಷ್ಟು ಮೆತ್ತಗಿದೆಯಲ್ಲ, ಕಲ್ಲನ್ನ ಹೇಗೆ ಕೊರೆಯುತ್ತೆ?" ಲಕ್ಷಗಟ್ಟಲೆ ವರ್ಷ ಹರಿದರೆ ಕೊರೆಯದೆ ಏನು ಮಾಡುತ್ತೆ ಅಂದುಬಿಟ್ಟೆ. ಎಲ್ಲರೂ ಹೇಳುವ ಉತ್ತರ.

ಮಾರನೇ ದಿನ ಮಷಿನ್ ಮುಂದೆ ನಿಂತಾಗ ನಾನು ಹೇಳಿದ್ದು ಸುಳ್ಳು ಅನ್ನಿಸಿತು. ನಾನು ಪುಣೆಯ ಹತ್ತಿರ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 22 ವರ್ಷದಿಂದ ಲ್ಯಾಪಿಂಗ್ ಕೆಲಸ, ಅಂದರೆ ಉಕ್ಕಿನ ಭಾಗಗಳನ್ನ ತಿಕ್ಕಿ ನುಣುಪು ಮಾಡುವ ಕೆಲಸ ಮಾಡುತ್ತಿದ್ದೇನೆ. ಎರಕದ ಕಬ್ಬಿಣದ ತಟ್ಟೆ ಸುತ್ತುತ್ತಿರುತ್ತೆ, ಅದರ ಮೇಲೆ ಎಣ್ಣೆ, ಎಣ್ಣೆಯಲ್ಲಿ ಸಿಲಿಕಾನ್ ಕಾರ್ಬೈಡ್ ಪುಡಿ. ಉಕ್ಕನ್ನ ಸವೆಸೋದು ಎಣ್ಣೆಯಲ್ಲ, ಪುಡಿ. ಪುಡಿ ಹಾಕದೆ ಬರೀ ಎಣ್ಣೆಯಲ್ಲಿ ದಿನವಿಡೀ ಸುತ್ತಿಸಿದರೂ ಒಂದು ಮೈಕ್ರಾನ್ ಇಳಿಯೋದು ಕಷ್ಟ. ಹಿಂದೆ ನಾನಿದ್ದ ಒಂದು ಕಾರ್ಖಾನೆಯಲ್ಲಿ ಕೂಲಂಟ್, ಅಂದರೆ ಮಷಿನ್ ತಣ್ಣಗಿಡುವ ದ್ರವದ ಪಂಪು ಆರೇಳು ವರ್ಷ ಚೆನ್ನಾಗಿಯೇ ಓಡಿತ್ತು. ಒಮ್ಮೆ ಫಿಲ್ಟರ್ ಹರಿದದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದು ತಿಂಗಳೊಳಗೆ ಪಂಪಿನ ಒಳಗಿನ ಚಕ್ರವನ್ನ ಇಲಿ ಕಡಿದ ರೊಟ್ಟಿ ಹಾಗೆ ಮಾಡಿಟ್ಟಿತ್ತು. ಪಂಪು ಅದೇ, ಕೂಲಂಟೂ ಅದೇ. ಜಾಸ್ತಿ ಆಗಿದ್ದು ಕಬ್ಬಿಣದ ಸಣ್ಣ ಚೂರುಗಳು ಮಾತ್ರ.

ಹೊಳೆಯೂ ಹಾಗೇ ಇರಬೇಕಲ್ವಾ? ಬಾಯಲ್ಲಿ ಹೇಳಿದರೆ ಮಗಳು ನಂಬುವವಳಲ್ಲ. ಮಾಡಿ ತೋರಿಸೋಣ ಅಂತ ಹೊರಟೆ.

ಹಳೇ ಪ್ಲೈವುಡ್ಡಿನಿಂದ ಆರಡಿ ಉದ್ದ, ಎರಡಡಿ ಅಗಲದ ತಟ್ಟೆ ಮಾಡಿದೆ. ಅಂಚು ಅರ್ಧ ಅಡಿ. ಒಳಗೆ ತಾಡಪಾಲು ಹಾಸಿದೆ. ಕೆಳತುದಿಯಲ್ಲಿ ಬಕೆಟ್, ಅದರಲ್ಲಿ ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪು. ಅದೇ ನೀರು ಪೈಪಿನಲ್ಲಿ ಮತ್ತೆ ಮೇಲಕ್ಕೆ ಬರುತ್ತೆ. ಮರಳು ಪಕ್ಕದ ಕಟ್ಟಡದ್ದು. ಪುಣೆಯಲ್ಲಿ ಈಗ ಹೊಳೆ ಮರಳು ಎಲ್ಲಿ ಸಿಗುತ್ತೆ? ಕಲ್ಲು ಪುಡಿ ಮಾಡಿದ ಕ್ರಶ್ ಸ್ಯಾಂಡೇ ಗತಿ. ಅದನ್ನ ಮನೆಯ ಹಿಟ್ಟಿನ ಜರಡಿಯಲ್ಲಿ ಸೋಸಿದೆ. ಆ ಜರಡಿಯ ಕಥೆ ಇಲ್ಲಿ ಬೇಡ.

ಮೊದಲ ಸಲ ಪೂರ್ತಿ ಕೆಟ್ಟಿತು. ಮೇಲ್ತುದಿಗೆ ಒಂದು ಇಟ್ಟಿಗೆ ಕೊಟ್ಟು ಪಂಪು ಜೋರಾಗಿ ಬಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಮರಳೆಲ್ಲ ಬಕೆಟ್ಟಿಗೆ, ಬಕೆಟ್ ತುಂಬಿ ಟೆರೇಸಿಗೆ, ಅಲ್ಲಿಂದ ಸೆಕ್ರೆಟರಿಯವರ ಪೈಪಿಗೆ. ಆಮೇಲೆ ಇಟ್ಟಿಗೆ ತೆಗೆದು ಎರಡು ಟೈಲ್ಸ್ ತುಂಡು ಇಟ್ಟೆ. ನೀರನ್ನ ಬೆರಳು ದಪ್ಪಕ್ಕೆ ಇಳಿಸಿದೆ. ಕೆಳಗೆ ಎರಡನೇ ಬಕೆಟ್ ಬಂತು. ಇದನ್ನ ಮಾಡಬೇಕು ಅನ್ನುವವರಿಗೆ ನನ್ನ ಒಂದೇ ಮಾತು: ನೀರು ಎಷ್ಟು ಬೇಕು ಅಂತ ಅನ್ನಿಸುತ್ತೋ ಅದರ ಕಾಲು ಭಾಗ ಬಿಡಿ.

ನಿಧಾನ ಮಾಡಿದ ಮೇಲೆ ನೋಡಲು ಸಿಕ್ಕಿದ್ದು ಬೇರೆಯೇ. ಕೆಳತುದಿಯಲ್ಲಿ, ಮರಳು ಮುಗಿದು ನೀರು ಬೀಳುವ ಕಡೆ, ಒಂದು ಇಂಚಿನ ಜಲಪಾತ ಹುಟ್ಟಿತು. ಬಿದ್ದ ನೀರು ಬುಡದ ಮರಳನ್ನ ಕೆರೆಯಿತು. ಬುಡ ಪೊಳ್ಳಾಯಿತು, ಮೇಲಿನ ತುಟಿ ಕುಸಿಯಿತು. ಮತ್ತೆ ಬುಡ, ಮತ್ತೆ ತುಟಿ. ನೀರು ಕೆಳಗೆ ಹೋಗುತ್ತಿದ್ದರೆ ಜಲಪಾತ ಮೇಲಕ್ಕೆ ನಡೆಯುತ್ತಿತ್ತು! ಒಂದು ಗಂಟೆಯಲ್ಲಿ ಒಂದೂವರೆ ಅಡಿ ಹಿಂದೆ ಸರಿದು, ತನ್ನ ಹಿಂದೆ ಒಂದು ಕಿರಿದಾದ ಕೊರಕಲು ಬಿಟ್ಟಿತ್ತು. ನಮ್ಮೂರು ಗೋಕಾಕದ ಹತ್ತಿರ. ಘಟಪ್ರಭೆ 52 ಮೀಟರ್ ಮೇಲಿಂದ ಬೀಳೋದನ್ನ ಸಣ್ಣವನಿದ್ದಾಗಿಂದ ನೋಡಿದ್ದೇನೆ. ಕೆಳಗೆ ಆ ಆಳದ ಕಣಿವೆ ಯಾಕಿದೆ ಅಂತ ಒಂದು ದಿನವೂ ಕೇಳಿರಲಿಲ್ಲ. ಕರದಂಟು ತಿಂದು ಬಂದದ್ದಷ್ಟೇ.

ಆದರೆ ಪುಸ್ತಕದ ಚಿತ್ರದಲ್ಲಿರುವ ಹಾವಿನಂಥ ತಿರುವು ಮಾತ್ರ ಬರಲೇ ಇಲ್ಲ. ಹೊಳೆ ಐದಾರು ಸೀಳಾಗಿ ಜಡೆ ಹೆಣೆದ ಹಾಗೆ ಹರಿಯುತ್ತಿತ್ತು. ದಂಡೆ ಗಟ್ಟಿ ಇಲ್ಲದಿದ್ದರೆ ಹಾಗೇ. ನೀರು ತಿರುಗಬೇಕಾದರೆ ದಂಡೆ ಸ್ವಲ್ಪ ತಡೆದು ನಿಲ್ಲಬೇಕು. ಮಗಳು ಫೋನಿನಲ್ಲಿ ಹುಡುಕಿ ಉಪಾಯ ತಂದಳು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು 2009ರಲ್ಲಿ ಇದೇ ತೊಂದರೆಗೆ ಮರಳಿನಲ್ಲಿ ಲೂಸರ್ನ್ ಮೊಳಕೆ ಬೆಳೆಸಿದ್ದರಂತೆ, ನಮ್ಮ ಕಡೆ ದನಕ್ಕೆ ಹಾಕುವ ಅದೇ ಲೂಸರ್ನ್. ನಾವು ಸಾಸಿವೆ ಚೆಲ್ಲಿದೆವು. ಒಂದು ವಾರ ನೀರು ಚಿಮುಕಿಸಿ, ಮೊಳಕೆ ಬೆರಳುದ್ದ ಆದ ಮೇಲೆ ಪಂಪು ಹಾಕಿದೆವು.

ಮೂರನೇ ಸಂಜೆ ಹೊಳೆ ಬಾಗಿತು. ಸೀಳುಗಳೆಲ್ಲ ಹೋಗಿ ಒಂದೇ ಧಾರೆ. ಬಾಗಿನ ಹೊರದಂಡೆಯಲ್ಲಿ ನೀರು ಒತ್ತಿ ಹರಿಯುತ್ತಿತ್ತು. ಅಲ್ಲಿ ಮರಳು ಜಾರಿ, ಸಾಸಿವೆಯ ಬಿಳಿ ಬೇರುಗಳು ಜೋತಾಡುತ್ತಿದ್ದವು. ಒಂದೊಂದೇ ಗಿಡ ಬೇರು ಸಮೇತ ತೇಲಿಹೋಗುತ್ತಿತ್ತು. ಎದುರಿನ ಒಳದಂಡೆಯಲ್ಲಿ ನೀರು ಸುಸ್ತಾದ ಹಾಗೆ ನಿಧಾನ. ತಂದ ಮರಳನ್ನ ಅಲ್ಲೇ ತೆಳ್ಳಗೆ ಹಾಸಿ ಹೋಗುತ್ತಿತ್ತು. ಒಂದು ಕಡೆ ತಿಂದು ಇನ್ನೊಂದು ಕಡೆ ಉಗುಳೋದು. ಭೀಮೆಯ ದಂಡೆಯ ರೈತರನ್ನ ಕೇಳಿ, ಈ ದಂಡೆಯವನ ಹೊಲ ಹೋದರೆ ಆ ದಂಡೆಯವನಿಗೆ ಹೊಸ ಮಣ್ಣು ಬರುತ್ತೆ ಅನ್ನುತ್ತಾರೆ.

ಇಷ್ಟಾದರೂ ಮಗಳ ಮೂಲ ಪ್ರಶ್ನೆ ಹಾಗೇ ಇತ್ತು. ಮರಳು ಸರಿ, ಕಲ್ಲು? ಅದಕ್ಕೆ ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಒಂದೇ ಅಳತೆಯ ಎರಡು ಹಲಗೆ ಎರಕ ಹೊಯ್ದೆ. ಎರಡರಲ್ಲೂ ಬಟ್ಟಲಿನಷ್ಟು ತಗ್ಗು. ನೀರಿನ ಧಾರೆ ಪಕ್ಕದಿಂದ ಬಿದ್ದು ಸುಳಿ ತಿರುಗುವ ಹಾಗೆ ಪೈಪು ಕಟ್ಟಿದೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ನೀರಿನ ಜೊತೆ ಒಂದು ಹಿಡಿ ಸಣ್ಣ ಜಲ್ಲಿ. ಎರಡು ಹಲಗೆ ಯಾಕೆ ಅಂದರೆ ಪಿಒಪಿ ನೀರಿನಲ್ಲಿ ಸ್ವಲ್ಪ ಕರಗುತ್ತೆ. ಒಂದೇ ಇಟ್ಟಿದ್ದರೆ ಕರಗಿದ್ದೆಷ್ಟು, ಸವೆದದ್ದೆಷ್ಟು ಅಂತ ಹೇಳಲು ಬರುತ್ತಿರಲಿಲ್ಲ. ನಾಲ್ಕು ಸಂಜೆ ಓಡಿಸಿದೆವು. ಬರೀ ನೀರಿನ ತಗ್ಗು ಸ್ವಲ್ಪ ನುಣುಪಾಗಿತ್ತು, ಅಷ್ಟೇ. ಜಲ್ಲಿ ಇದ್ದದ್ದು ಬೆರಳಿನ ಒಂದು ಗೆಣ್ಣಿನಷ್ಟು ಇಳಿದಿತ್ತು. ಗೋಡೆ ನುಣ್ಣಗೆ, ದುಂಡಗೆ. ನನಗೆ ಇಷ್ಟವಾದದ್ದು ಇನ್ನೊಂದು: ಜಲ್ಲಿಯ ಮೂಲೆಗಳೂ ಸವೆಯಲು ಶುರುವಾಗಿದ್ದವು. ಲ್ಯಾಪಿಂಗ್ ಮಾಡುವವರಿಗೆ ಇದು ಗೊತ್ತು, ಸವೆಸುವ ಪುಡಿಯೂ ಸವೆಯುತ್ತೆ.

ಇದರ ದೊಡ್ಡ ನಮೂನೆ ನೋಡಬೇಕಾದರೆ ನಿಘೋಜ್‌ಗೆ ಹೋಗಬೇಕು. ಪುಣೆಯಿಂದ ಶಿರೂರು ದಾಟಿ, ಪಾರನೇರ್ ತಾಲೂಕಿನಲ್ಲಿ ಕುಕಡಿ ಹೊಳೆಯ ದಂಡೆ. ಮೇ ತಿಂಗಳಲ್ಲಿ ಮಗಳು, ನನ್ನವಳು, ಅವ್ವ ಎಲ್ಲ ಹೊರಟೆವು. ಹೊಳೆ ಅಂದರೆ ಹೊಳೆಯಲ್ಲ, ಕಪ್ಪು ಬಂಡೆಯ ನಡುವೆ ಸೀಳು. ಬಂಡೆಯ ಮೈತುಂಬ ಗುಂಡಿಗಳು. ಕೆಲವು ಬೋಗುಣಿಯಷ್ಟು, ಕೆಲವು ಆಳು ಮುಳುಗುವಷ್ಟು. ಎರಡು ಗುಂಡಿಗಳ ನಡುವಿನ ಗೋಡೆ ತೂತು ಬಿದ್ದು ಒಂದಾದದ್ದೂ ಇದೆ. ಊರಿನವರು ಇವಕ್ಕೆ ರಾಂಜಣ ಖಳಗೆ ಅನ್ನುತ್ತಾರೆ. ಕೇಳಿದ್ದೇ ತಡ ಅವ್ವ ತಿರುಗಿ ನೋಡಿದಳು. "ರಾಂಜಣ ಅಂದ್ರ ನಮ್ಮ ರಂಜಣಗಿನ ಅಲ್ಲೇನೋ? ನೀರಿಂದು?" ಹೌದು, ಅದೇ. ಅಡಿಗೆ ಮನೆ ಮೂಲೆಯಲ್ಲಿ ಅರ್ಧ ಹೂತಿಡುತ್ತಿದ್ದ ನೀರಿನ ದೊಡ್ಡ ಮಡಕೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು.

ಕಲ್ಲಿನ ವಿಷಯ ಸ್ವಲ್ಪ. ಸುಮಾರು 6.6 ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ನೆಲದ ಬಿರುಕಿನಿಂದ ಲಾವಾ ಉಕ್ಕಿ, ಒಂದರ ಮೇಲೊಂದು ಪದರವಾಗಿ ಹರಡಿತು. ಹಂಚಿನ ಮೇಲೆ ದೋಸೆ ಮೇಲೆ ದೋಸೆ ಹೊಯ್ದ ಹಾಗೆ. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಲಾವಾ ಆರುವಾಗ ಒಳಗಿದ್ದ ಅನಿಲದ ಗುಳ್ಳೆಗಳು ಹಾಗೇ ತೂತಾಗಿ ಉಳಿದವು. ಇಂಥ ತೂತು, ಬಿರುಕು ಇದ್ದಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ಸಾಕು. ಮಳೆಗಾಲದ ನೀರು ಅದನ್ನ ಅಲ್ಲೇ ಸುತ್ತಿಸುತ್ತೆ, ತೂತು ಬಟ್ಟಲಾಗುತ್ತೆ, ಬಟ್ಟಲು ರಂಜಣಗಿಯಾಗುತ್ತೆ. ಕಲ್ಲು ಹಳೆಯದು ಅಂತ ಗುಂಡಿಯೂ ಅಷ್ಟೇ ಹಳೆಯದು ಅಂದುಕೊಳ್ಳಬೇಡಿ. ಗುಂಡಿ ಹೊಳೆಯ ಕೂಸು.

ಒಂದು ಒಣಗಿದ ಗುಂಡಿಯೊಳಗೆ ಕೈ ಬಿಟ್ಟೆ. ಗೋಡೆಯ ನುಣುಪು ನನ್ನ ಕೈಗೆ ಗೊತ್ತಿದ್ದದ್ದೇ. ತಳದಲ್ಲಿ ಗೋಲಿಯಷ್ಟು, ನಿಂಬೆಹಣ್ಣಿನಷ್ಟು ದುಂಡು ಕಲ್ಲುಗಳು. ಮಗಳು ಒಂದನ್ನ ಜೇಬಿಗೆ ಹಾಕಿಕೊಂಡಳು. ವಾಪಸ್ ಹಾಕಿಸಿದೆ. ಶಾಪಿನ ಟೂಲು ಮನೆಗೆ ಒಯ್ಯುವಂತಿಲ್ಲ, ಮುಂದಿನ ಪಾಳಿಯವರಿಗೆ ಬೇಕು.

ಮಳೆಗಾಲದಲ್ಲಿ ಮಾತ್ರ ದಯವಿಟ್ಟು ಆ ಬಂಡೆಗೆ ಇಳಿಯಬೇಡಿ. ಪಾಚಿ ಜಾರುತ್ತೆ, ಗುಂಡಿಯ ಆಳ ಕಾಣೋದಿಲ್ಲ, ಮೇಲೆ ಅಣೆಕಟ್ಟುಗಳಿವೆ, ನೀರು ಯಾವಾಗ ಏರುತ್ತೋ ಹೇಳಲಾಗದು.

ಎಲ್ಲವನ್ನೂ ಹೊಳೆಯೇ ಮಾಡಿತು ಅನ್ನೋದೂ ತಪ್ಪು. ವಾಪಸ್ ಬರುವಾಗ ರಸ್ತೆಗಾಗಿ ಕಡಿದ ಒಂದು ದಿನ್ನೆಯ ಹತ್ತಿರ ಗಾಡಿ ನಿಲ್ಲಿಸಿದೆ. ಅಲ್ಲಿ ಕಪ್ಪು ಕಲ್ಲು ಉಳ್ಳಾಗಡ್ಡಿ ಹಾಗೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತಿತ್ತು. ಹೊರಗಿನ ಸಿಪ್ಪೆ ಉಗುರಿಗೇ ಪುಡಿಯಾಗುತ್ತೆ, ನಡುವಿನ ಗಡ್ಡೆ ಸುತ್ತಿಗೆಗೂ ಬಗ್ಗದು. ಮಳೆ ನೀರು ಬಿರುಕಿನೊಳಗೆ ಇಳಿದು ಕಲ್ಲನ್ನ ಸುಮ್ನೆ ಕೂತಲ್ಲೇ ಕೊಳೆಸುತ್ತೆ. ಮೊದಲು ಗರಸು, ಆಮೇಲೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ನಮ್ಮ ಎರಿ ಹೊಲ ಇದೇ ಕಲ್ಲಿನ ಮೊಮ್ಮಗ. ಹೊಳೆಗೆ ಅರ್ಧ ಕೆಲಸ ಆಗಲೇ ಆಗಿರುತ್ತೆ, ಹೊತ್ತು ಹೋಗೋದಷ್ಟೇ ಬಾಕಿ.

ಕಾರಿನಲ್ಲಿ ಮಗಳು ಕೇಳಿದಳು, ಅಷ್ಟು ಗುಂಡಿ ಕೊರೆದ ಪುಡಿ ಎಲ್ಲಿ ಹೋಯಿತು? ದಾರಿ ಹೇಳಿದೆ. ಕುಕಡಿ ಘೋಡ್ ಹೊಳೆಗೆ, ಘೋಡ್ ಭೀಮೆಗೆ, ಭೀಮೆ ಅಫಜಲಪುರದ ಮೇಲೆ ಹಾದು ರಾಯಚೂರಿನ ಕಡೆ ಕೃಷ್ಣೆಗೆ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅವ್ವ ಕಣ್ಣು ಬಿಟ್ಟಳು. ಅವಳ ತವರು ಅಫಜಲಪುರದ ಹತ್ತಿರ, ಭೀಮೆಯ ದಂಡೆ.

"ಅಂದ್ರ ಈ ಕಲ್ಲಿನ ಪುಡಿ ನಮ್ಮಪ್ಪನ ಹೊಲಕ್ಕ ಬರ್ತೈತೇನು?"

ಈಗ ಬಹಳಷ್ಟು ದಾರಿಯಲ್ಲಿ ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನಲ್ಲೇ ಕೂತುಬಿಡುತ್ತೆ ಅಂದೆ. ಅದು ಮುಗಿದದ್ದು 1980ರಲ್ಲಿ.

"ನಾ ಸಣ್ಣಾಕಿ ಇದ್ದಾಗ ಅದು ಇರಲಿಲ್ಲಲ್ಲ. ಹೊಳಿ ಬಂದು ಹೋದ ಮ್ಯಾಲ ಮೊಣಕಾಲ ಮಟ ಕೆಸರು. ಆ ವರ್ಷ ಜೋಳ ಹೆಂಗ ಬರ್ತಿತ್ತು ಅಂತಿ!"

ಶಿಕ್ರಾಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ತನಕ ಆ ಜೋಳದ್ದೇ ಮಾತು.